ಐದು ವರ್ಷದ ಸಿಟ್ಟು

"ನಿಲ್ಲಿಸಿ."

ಸುಂದರಿ ಕೂಗಲಿಲ್ಲ. ಆದರೂ ಆ ಒಂದು ಮಾತಿಗೆ ಮೀನಿಗೆ ಉಪ್ಪು ಹಾಕುವ ಸರ್ಕಾರಿ ಯಾರ್ಡಿನಲ್ಲಿ ಸಾಲಾಗಿ ಕೂತು ಮೀನು ಸೀಳುತ್ತಿದ್ದ ಹೆಂಗಸರೆಲ್ಲ ಕತ್ತಿ ಹಿಡಿದ ಕೈಯನ್ನು ಹಾಗೇ ಬಿಟ್ಟು ತಿರುಗಿ ನೋಡಿದರು.

ಹೊಳೆಯ ಕಟ್ಟೆಯ ಮೇಲೆ ಇಬ್ಬರು ಆಳುಗಳು ನಿಂತಿದ್ದರು. ಒಬ್ಬನ ಕೈಯಲ್ಲಿ ಗಾಜಿನ ಭರಣಿ. ಅದರೊಳಗಿದ್ದ ನೀರು, ಮೀನು ಎಲ್ಲವೂ ಆಗಲೇ ಹೊಳೆ ಸೇರಿತ್ತು. ಅವನ ಕಾಲಬುಡದಲ್ಲಿ ಇನ್ನಷ್ಟು ಭರಣಿಗಳು ಬಾಯಿ ತೆರೆದು ಮಗುಚಿ ಬಿದ್ದಿದ್ದವು. ಅವಳೇ ಬರೆದು ಅಂಟಿಸಿದ್ದ ಚೀಟಿಗಳ ಶಾಯಿ ನೀಲಿಯಾಗಿ ಇಳಿಯುತ್ತಿತ್ತು.

ಎರಡು ಮಳೆಗಾಲದ ಕೆಲಸ... ಹೊಳೆಗೆ ಹೋಯಿತು.

ಯಾರು ಹೇಳಿದ್ದು ಎಂದು ಕೇಳಿದಳು. ಆಳು ಆಫೀಸಿನ ಜಗಲಿಯತ್ತ ಗಲ್ಲ ಎತ್ತಿ ತೋರಿಸಿದ. ಅಲ್ಲಿಂದ ಒಬ್ಬ ಎತ್ತರದ ಮನುಷ್ಯ ಇಳಿದು ಬರುತ್ತಿದ್ದ. ಖಾಕಿ ಚಡ್ಡಿ, ಮೊಣಕೈಯವರೆಗೆ ಮಡಚಿದ ಬಿಳಿ ಅಂಗಿ. ಮಲ್ಪೆ ಕಡೆಯ ದೇವದಾಸ್ ಎಂಬ ಹೊಸ ಇನ್‌ಸ್ಪೆಕ್ಟರ್ ಬಂದಿದ್ದಾನೆಂದು ಅವಳು ಕೇಳಿದ್ದಳು. ನೋಡಿರಲಿಲ್ಲ.

"ಹೇಳಿದ್ದು ನಾನು. ನೀವು ಯಾರು?"

"ಆ ಭರಣಿಗಳು ನನ್ನವು."

"ಒಳ್ಳೆಯದಾಯಿತು, ಕೇಳಬೇಕೆಂದೇ ಇದ್ದೆ. ಜನ ತಿನ್ನುವ ಮೀನಿನ ಪಕ್ಕ, ಉಪ್ಪಿನ ಮೂಟೆಯ ಪಕ್ಕ ಈ ವಿಷ ಯಾಕೆ ಇಟ್ಟದ್ದು? ನಿನ್ನೆ ಒಬ್ಬಳು ಮುಚ್ಚಳ ತೆಗೆದು ನೋಡಿ ಇಡೀ ದಿನ ಕಣ್ಣುರಿಯಿಂದ ಅತ್ತಿದ್ದಾಳೆ."

"ಮುಚ್ಚಳ ತೆಗೀಬೇಡಿ ಅಂತ ಪ್ರತಿಯೊಂದರ ಮೇಲೆಯೂ ಬರೆದದ್ದು ಉಂಟು. ಎಸೆಯಲು ಹೇಳುವ ಮೊದಲು ಓದಿದಿರಾ?"

ಅವನು ಮಗುಚಿದ ಭರಣಿಗಳ ಕಡೆ ನೋಡಿದ.

"ಇಲ್ಲ," ಎಂದ. "ಓದಲಿಲ್ಲ."

ಆ ಪ್ರಾಮಾಣಿಕತೆ ಅವಳ ಮೈಗೆ ಬೆಂಕಿ ಹಚ್ಚಿತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಈ ಮನುಷ್ಯ ಅದಕ್ಕೂ ಜಾಗ ಕೊಡಲಿಲ್ಲ!

"ಓದು ಬರುತ್ತದಲ್ಲ ನಿಮಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಿರುಗಿ ನಡೆದಳು. ಯಾರ್ಡಿನ ಗೇಟು ದಾಟುವವರೆಗೆ ಅವಳ ನಡಿಗೆ ತಪ್ಪಲಿಲ್ಲ. ಆಚೆ, ಹಂಚಿನ ರಾಶಿಯ ಮರೆಯಲ್ಲಿ, ಕೂತುಬಿಟ್ಟಳು.

*

ಬೇರೆಯವರಿಗೆ ಅದು ಕೊಳೆತ ಬೂತಾಯಿ ಮೀನು. ಅವಳಿಗೆ ಮಾತ್ರ ಅದು ಮದರಾಸಿಗೆ ಮರಳುವ ದಾರಿ.

ಮಂಗಳೂರಿನ ಹೊಳೆಯಾಚೆ, ಬೆಂಗ್ರೆಯಲ್ಲಿ ಮೀನು ಹಿಡಿಯುವ ಮೊಗವೀರರ ಮನೆಯಿಂದ ಹೊರಟು ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ ಹುಡುಗಿ ಸುಂದರಿ. ಸೋದರಮಾವ ಗಿರಿಯಪ್ಪನೇ ಅವಳನ್ನು ರೈಲು ಹತ್ತಿಸಿ ಕಳಿಸಿದ್ದ. ಫಲಿತಾಂಶ ಬಂದ ವರ್ಷ ಅಲ್ಲಿನ ಪ್ರೊಫೆಸರು, ಎಂ.ಎಸ್ಸಿ.ಗೆ ಬಾ, ನಿನಗೆ ನನ್ನ ಲ್ಯಾಬಿನಲ್ಲಿ ಒಂದು ಮೇಜು ಇಡುತ್ತೇನೆ ಎಂದಿದ್ದರು. ಅವಳು ರಜೆಗೆಂದು ಊರಿಗೆ ಬಂದಳು. ಬಂದ ವಾರದಲ್ಲೇ ತಾಯಿ ಅಪ್ಪಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು.

ಒಂದು ವರ್ಷ ನೋಡಿಕೋ, ಮತ್ತೆ ನಾನೇ ಕಳಿಸುತ್ತೇನೆ ಎಂದ ಗಿರಿಯಪ್ಪ ಮಾವ. ಆ ಒಂದು ವರ್ಷ ಐದಾಯಿತು. ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಗಂಜಿ ಕುಡಿಸುವುದು, ನೆರೆಯವಳನ್ನು ಅವಳ ಬಳಿ ಕೂರಿಸಿ, ದೋಣಿಯಲ್ಲಿ ಹೊಳೆ ದಾಟಿ ಬೊಕ್ಕಪಟ್ಟಣದ ಶಾಲೆಯಲ್ಲಿ ಪಾಠ ಹೇಳುವುದು, ಮತ್ತೆ ಹೊಳೆ ದಾಟಿ ಬರುವುದು. ಈ ಸಲ ಮಳೆ ಕಳೆಯುವಾಗ ಅಪ್ಪಿ ತೀರಿಕೊಂಡಳು. ಅಳು ಮುಗಿದ ಮೇಲೆ ಸುಂದರಿ ತನ್ನ ಹಳೆಯ ಪುಸ್ತಕ ಬಿಚ್ಚಿದಳು. ಕಡಲ ಗಾಳಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ಓದಿದರೆ, ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದ ಹೆಸರುಗಳು ಅಪರಿಚಿತರ ಹಾಗೆ ಅವಳನ್ನೇ ನೋಡಿದವು.

ಎಲ್ಲ ಮರೆತುಹೋಗಿದೆಯಾ? ಇಷ್ಟು ಬೇಗ?

ಆ ದಿನ ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆದರೆ ಒಂದು ಕೆಲಸವನ್ನು ಅವಳು ಬಿಟ್ಟಿರಲಿಲ್ಲ. ಕೆಲವು ವರ್ಷಗಳಿಂದ ಕಡಲಲ್ಲಿ ಬೂತಾಯಿ ಕಡಿಮೆಯಾಗುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ತಾಯಿ ನಿದ್ದೆ ಹೋದ ಹೊತ್ತಿನಲ್ಲಿ ಸುಂದರಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಹೋಗಿ, ಮಳೆ ಹಿಡಿಯುವ ಮೊದಲು ಮತ್ತು ಮಳೆಯ ನಡುವೆ ಸಿಕ್ಕಿದ ಬೂತಾಯಿಯನ್ನು ತಂದು, ಹೊಟ್ಟೆಯ ಮೊಟ್ಟೆ ಎಷ್ಟು ಬಲಿತಿದೆ ಎಂದು ನೋಡಿ ಭರಣಿಯಲ್ಲಿ ಇಡುತ್ತಿದ್ದಳು. ಮೀನು ಕೆಡದಂತೆ ಇಡಲು ಆಸ್ಪತ್ರೆಯ ಕಂಪೌಂಡರನನ್ನು ಕಾಡಿಸಿ ಫಾರ್ಮಲಿನ್ ತಂದಿದ್ದಳು. ಅದರ ವಾಸನೆ ಮನೆಯೊಳಗೆ ಬೇಡ ಎಂದು ಮಾವ ಹೇಳಿದ್ದಕ್ಕೆ ಯಾರ್ಡಿನ ಹಳೆಯ ಇನ್‌ಸ್ಪೆಕ್ಟರ್ ಜಮಾಲುದ್ದೀನ್ ಸಾಹೇಬರು ಗೋದಾಮಿನ ಮೂಲೆ ಕೊಟ್ಟಿದ್ದರು. ಅವರು ನಿವೃತ್ತಿಯಾಗಿ ಹೋದರು. ಅವರ ಜಾಗಕ್ಕೆ ಈ ದೇವದಾಸ್ ಬಂದ.

ಮದರಾಸಿನ ಪ್ರೊಫೆಸರಿಗೆ ಅವಳು ಬರೆದುಕೊಂಡಾಗ ಬಂದ ಉತ್ತರ ಬಿಗಿಯಾಗಿತ್ತು. ಐದು ವರ್ಷ ಓದಿನಿಂದ ದೂರ ಇದ್ದವರನ್ನು ತೆಗೆದುಕೊಳ್ಳುವುದು ಕಷ್ಟ. ಮಾರ್ಚಿನಲ್ಲಿ ಪರೀಕ್ಷೆಯ ಕೆಲಸಕ್ಕೆ ಮಂಗಳೂರಿಗೆ ಬರುತ್ತೇನೆ, ಈ ಅವಧಿಯಲ್ಲಿ ಏನು ಮಾಡಿದ್ದೀಯೋ ಅದನ್ನು ತಂದು ತೋರಿಸು.

ಈಗ ಡಿಸೆಂಬರು. ಮೊಟ್ಟೆ ಬಲಿತ ಮಳೆಗಾಲದ ಮೀನು ಡಿಸೆಂಬರಿನಲ್ಲಿ ಯಾವ ಬಲೆಗೂ ಬೀಳುವುದಿಲ್ಲ.

*

ಮೂರು ದಿನ ಬಿಟ್ಟು ದೇವದಾಸ್ ಶಾಲೆಯ ಅಂಗಳಕ್ಕೆ ಬಂದ. ಸುಂದರಿಯ ಜೊತೆ ಅಲ್ಲೇ ಪಾಠ ಹೇಳುತ್ತಿದ್ದ ಗೆಳತಿ ಎಸ್ತೆರ್ ಕಿಟಕಿಯಿಂದ ನೋಡಿ, "ನಿನ್ನ ವೈರಿ ಬಂದಿದ್ದಾರೆ, ಟೋಪಿ ಕೈಯಲ್ಲಿ ಉಂಟು," ಎಂದಳು.

ಸುಂದರಿ ಹೊರಗೆ ಬಂದಳು. ಕೂತುಕೊಳ್ಳಿ ಎನ್ನಲಿಲ್ಲ.

ಒಂದು ಭರಣಿಯ ಚೀಟಿ ಅಳಿಸದೆ ಉಳಿದಿತ್ತು, ಅದನ್ನು ಓದಿದೆ ಎಂದ ಅವನು. ತಾನು ಓದಿದ್ದು ರಸಾಯನಶಾಸ್ತ್ರ, ಮೀನಿನ ವಿಚಾರ ತನಗೆ ತಿಳಿಯದು. ಆದರೂ ನೋಡದೆ ಎಸೆಯಲು ಹೇಳಿದ್ದು ತನ್ನ ತಪ್ಪು ಎಂದ. ಅಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಆದರೆ ಉಪ್ಪಿನ ಪಕ್ಕ ಅದನ್ನು ಇಟ್ಟದ್ದು ನಿಮ್ಮ ತಪ್ಪು. ಅದನ್ನೂ ಹೇಳದೆ ಹೋದರೆ ನಾನು ಸುಳ್ಳುಗಾರ ಆಗ್ತೇನೆ."

"ಕ್ಷಮೆ ಕೇಳಲು ಬಂದದ್ದಾ, ಲೆಕ್ಕ ಚುಕ್ತಾ ಮಾಡಲು ಬಂದದ್ದಾ?"

"ಎರಡಕ್ಕೂ," ಎಂದ ಅವನು. "ಆಫೀಸಿನ ಹಿಂದೆ ಒಂದು ಕೋಣೆ ಖಾಲಿ ಉಂಟು. ಉಪ್ಪಿನಿಂದ ದೂರ. ಬೆಳಕು ಒಳ್ಳೆಯದು. ಬೇಕಾದರೆ ಕೆಲಸ ಮಾಡಿ. ಬೇಡವಾದರೆ ಬೀಗ ಹಾಕಿ ಇಡ್ತೇನೆ."

ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನಬೇಕೆಂದಿದ್ದಳು. ಎಸ್ತೆರ್ ಒಳಗಿನಿಂದಲೇ, ಸಿಟ್ಟು ಮನೆಯಲ್ಲಿ ಇಟ್ಟು ಕೋಣೆ ತೆಗೆದುಕೋ ಮಾರಾಯ್ತಿ ಎಂದು ಪಿಸುಗುಟ್ಟಿದಳು.

ಸುಂದರಿ ಕೋಣೆ ತೆಗೆದುಕೊಂಡಳು. ಸಿಟ್ಟನ್ನೂ ಜೊತೆಗೇ ಕೊಂಡುಹೋದಳು.

*

ಜನವರಿಯಿಡೀ ಶಾಲೆ ಬಿಟ್ಟ ಮೇಲೆ ಅವಳೂ ಎಸ್ತೆರಳೂ ಆ ಕೋಣೆಯಲ್ಲಿ ಇರುತ್ತಿದ್ದರು. ಎಸ್ತೆರ್ ಮೂಲೆಯಲ್ಲಿ ಮಕ್ಕಳ ಉತ್ತರ ತಿದ್ದುವಳು. ಸುಂದರಿ ಕತ್ತರಿ, ಚಿಮುಟ ಹಿಡಿದು ಕೂರುವಳು. ಕಳೆದುಹೋದ ಮೀನು ಮರಳಿ ಬರಲಿಲ್ಲ. ಆದರೆ ಈ ತಿಂಗಳ ಮೀನು ಏನು ಹೇಳುತ್ತದೋ ಅದನ್ನಾದರೂ ತೋರಿಸಬಹುದು; ಕೈಗೆ ಹಳೆಯ ಅಭ್ಯಾಸವಾದರೂ ಮರಳೀತು.

ಪ್ರತಿದಿನ ಯಾವುದೋ ದೋಣಿಯ ಬೂತಾಯಿ ಬಾಳೆಎಲೆಯಲ್ಲಿ ಕಟ್ಟಿ ಮೇಜಿನ ಮೇಲೆ ಇರುತ್ತಿತ್ತು. ಯಾವ ಕಡೆ, ಎಷ್ಟು ಆಳದಲ್ಲಿ ಸಿಕ್ಕಿದ್ದೆಂದು ದೇವದಾಸನೇ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು, ಅಷ್ಟೇ.

ಒಂದು ದಿನ ಅವನು ಹೋಗಲಿಲ್ಲ.

"ಒಂದು ಕೇಳಬೇಕು. ಮೊಟ್ಟೆ ಇಡುವ ಮೊದಲೇ ಮೀನು ಹಿಡಿಯುತ್ತೇವೆ, ಅದಕ್ಕೇ ಬೂತಾಯಿ ಕಡಿಮೆಯಾಯಿತು ಅಂತ ನೀವು ತೋರಿಸಿದಿರಿ ಅಂತಿಟ್ಟುಕೊಳ್ಳಿ. ಮರುದಿನ ಸರ್ಕಾರ ಬಲೆ ನಿಲ್ಲಿಸಿ ಅಂತ ಹೇಳ್ತದೆ. ಹೇಳಲು ಕಳಿಸುವುದು ನನ್ನನ್ನು. ನಿಮ್ಮ ಮಾವನ ಬಲೆಯನ್ನೂ ಸೇರಿಸಿ. ಆಗ ಎಂತ ಮಾಡ್ತೀರಿ?"

"ಹಾಗಾದರೆ ನಾನು ತಿಳಿದುಕೊಳ್ಳಬಾರದು ಅಂತವಾ?"

"ಹಾಗೆ ಹೇಳಲಿಲ್ಲ. ತಿಳಿದ ಮೇಲೆ ಎಂತ ಅಂತ ಕೇಳಿದೆ."

ಅವಳು ಚಿಮುಟ ಕೆಳಗಿಟ್ಟಳು. ತಿಳಿಯದೆಯೇ ಬಲೆ ನಿಂತರೆ ಎಲ್ಲರೂ ಹಸಿದು ಸಾಯುತ್ತಾರೆ, ತಿಳಿದು ಒಂದಿಷ್ಟು ದಿನ ನಿಲ್ಲಿಸಿದರೆ ಉಳಿದ ದಿನವಾದರೂ ಉಣ್ಣಬಹುದು ಎಂದಳು. ಆ ಒಂದಿಷ್ಟು ದಿನ ಉಣ್ಣುವುದೇನು ಎಂದು ಅವನು ಕೇಳಿದ. ಮಾತಿಗೆ ಮಾತು ಬೆಳೆಯಿತು. ಯಾರ್ಡಿನ ಹೆಂಗಸರು ಮನೆಗೆ ಹೋದರು, ಎಸ್ತೆರ್ ಎರಡು ಸಲ ಆಕಳಿಸಿದಳು, ಇವರ ವಾದ ಮುಗಿಯಲಿಲ್ಲ.

ದೋಣಿಯಲ್ಲಿ ಮನೆಗೆ ಮರಳುವಾಗ ಸುಂದರಿಗೆ ಒಂದು ವಿಚಿತ್ರ ಹೊಳೆಯಿತು. ಐದು ವರ್ಷದಲ್ಲಿ ಅವಳನ್ನು ಬೈದವರಿದ್ದರು, ಪಾಪ ಎಂದವರಿದ್ದರು, ಮದುವೆಗೆ ಒಪ್ಪಿಸಲು ನೋಡಿದವರಿದ್ದರು. ಅವಳ ಮಾತನ್ನು ಮಾತೆಂದು ತಿಳಿದು ಎದುರು ನಿಂತು ಜಗಳವಾಡಿದವರು ಒಬ್ಬರೂ ಇರಲಿಲ್ಲ.

ಇವನೊಬ್ಬ... ಇವನೇ ಯಾಕೆ?

ಫೆಬ್ರವರಿಯ ಒಂದು ಸಂಜೆ, ನೋಡಬಹುದಾ ಎಂದು ಕೇಳಿ ಅವನು ಭೂತಗನ್ನಡಿಗೆ ಬಾಗಿದ. ಮೀನಿನ ಹೊಟ್ಟೆಯೊಳಗೆ ಇನ್ನೂ ಬಲಿಯದೆ, ಸಾಸಿವೆಗಿಂತ ಸಣ್ಣದಾಗಿ ಜೋಡಿಸಿಟ್ಟಂತಿದ್ದ ಮೊಟ್ಟೆಯ ಕಾಳುಗಳನ್ನು ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ಬಣ್ಣವಿರಲಿಲ್ಲ.

"ಇಂಥದ್ದನ್ನಾ ನಾನು ಹೊಳೆಗೆ ಹಾಕಿಸಿದ್ದು?"

ಅವಳು ಹೌದು ಎನ್ನಬಹುದಿತ್ತು. ಎರಡು ತಿಂಗಳಿಂದ ಆ ಮಾತಿಗೇ ಕಾದಿದ್ದಳು. ಆದರೆ ಅದು ಬಾಯಿಗೆ ಬರಲಿಲ್ಲ.

"ಕನ್ನಡಿ ಸ್ವಲ್ಪ ಈಚೆ ಹಿಡೀರಿ, ಇನ್ನೂ ಚೆನ್ನಾಗಿ ಕಾಣ್ತದೆ," ಎಂದಳು.

ಅವರಿಬ್ಬರ ಭುಜ ಒಂದನ್ನೊಂದು ತಾಗಿತು. ಇಬ್ಬರೂ ಸರಿಯಲಿಲ್ಲ. ಮೂಲೆಯಲ್ಲಿ ಎಸ್ತೆರ್ ತುಂಬ ಶ್ರದ್ಧೆಯಿಂದ ಉತ್ತರ ತಿದ್ದುತ್ತಿದ್ದಳು.

*

ಮಾರ್ಚ್ ಹತ್ತಿರ ಬಂದಾಗ ಗಿರಿಯಪ್ಪ ಮಾವ ಎರಡು ದಿನ ಊರಲ್ಲಿರಲಿಲ್ಲ. ಮರಳಿ ಬಂದವನು ಕಾಲು ತೊಳೆದು, ಚಾಪೆಯ ಮೇಲೆ ಕೂತು, ಎಷ್ಟೋ ಕಾಲದ ಮೇಲೆ ನಕ್ಕ.

"ಮಲ್ಪೆಗೆ ಹೋಗಿದ್ದೆ. ನಮ್ಮ ಇನ್‌ಸ್ಪೆಕ್ಟರ ಮನೆಗೆ. ಎಲ್ಲ ಒಪ್ಪಿದ್ದಾರೆ ಮಗಾ. ಬೇಸಗೆಯೊಳಗೆ ಮದುವೆ."

ಸುಂದರಿಯ ಕೈಯಲ್ಲಿದ್ದ ಚೆಂಬು ಹಾಗೇ ನಿಂತಿತು.

ಅವರದು ಅಳಿಯಸಂತಾನದ ಮನೆ. ಮನೆತನ ಸಾಗುವುದು ಹೆಣ್ಣಿನಿಂದ. ಅಪ್ಪಿಗೆ ಇದ್ದವಳು ಸುಂದರಿ ಒಬ್ಬಳೇ. ಅವಳಿಗೆ ಮಕ್ಕಳಾಗದಿದ್ದರೆ ಈ ಮನೆಯ ಹೆಸರು ಅವಳಲ್ಲೇ ಮುಗಿಯುತ್ತದೆ. ಆ ಭಯ ಗಿರಿಯಪ್ಪನನ್ನು ಒಳಗೊಳಗೇ ತಿನ್ನುತ್ತಿದ್ದುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಐದು ವರ್ಷ ಬಾಯಿ ಕಟ್ಟಿಕೊಂಡಿದ್ದಳು.

ಆದರೆ ದೇವದಾಸ್... ಅವಳ ಬಾಯಿಂದಲೇ ಎಲ್ಲ ಕೇಳಿದವನು, ಮದರಾಸು ಅಂದರೆ ಏನೆಂದು ತಿಳಿದೂ, ಪ್ರೊಫೆಸರು ಬರುವ ತಿಂಗಳೆಂದು ತಿಳಿದೂ, ಹಿಂದಿನಿಂದ ಮಾವನ ಜೊತೆ ಮದುವೆ ಗೊತ್ತು ಮಾಡಿಕೊಂಡನಾ? ಕೋಣೆ ಕೊಟ್ಟದ್ದು, ಮೀನು ತಂದದ್ದು ಇದಕ್ಕಾ?

ಮರುದಿನ ಬೆಳಿಗ್ಗೆ ಮೊದಲ ದೋಣಿಯಲ್ಲಿ ಯಾರ್ಡಿಗೆ ಹೋದಳು. ಹೆಂಗಸರು, ಆಳುಗಳು, ಗಾಡಿಯವರು ಎಲ್ಲರ ಎದುರು ಕೋಣೆಯ ಬೀಗದ ಕೈಯನ್ನು ಅವನ ಮೇಜಿನ ಮೇಲೆ ಇಟ್ಟಳು.

"ಮೊದಲ ಸಲ ಭರಣಿಯನ್ನು ಓದದೆ ಎಸೆದಿರಿ. ಈ ಸಲ ಓದಿ, ಎಲ್ಲ ತಿಳಿದೇ ಎಸೀತಾ ಇದ್ದೀರಿ. ಮೊದಲನೆಯದನ್ನಾದರೂ ಕ್ಷಮಿಸಬಹುದಿತ್ತು."

ಅವನು ಎದ್ದು ನಿಂತ. "ನಿಮ್ಮ ಮಾವ ಬಂದಿದ್ದರು, ಹೌದು. ಆದರೆ ನಾನು..."

"ಸಾಕು. ನನ್ನನ್ನು ಕೇಳುವಷ್ಟು ಮರ್ಯಾದೆಯೂ ನಿಮಗೆ ಇಲ್ಲದೆ ಹೋಯಿತಲ್ಲ."

ಆಗ ಅವನಿಗೂ ಸಿಟ್ಟು ಬಂತು. ಕತ್ತಿನ ನರ ಉಬ್ಬಿ ಕಂಡಿತು. ಆದರೆ ದನಿ ಏರಲಿಲ್ಲ.

"ಟೀಚರ್, ನೀವು ಕೇಳುವುದಿಲ್ಲ. ತೀರ್ಪು ಮಾತ್ರ ಕೊಡ್ತೀರಿ. ಕೊಟ್ಟಾಯಿತಲ್ಲ, ಹೋಗಿ."

ಹೋದಳು. ದೋಣಿಯಲ್ಲಿ ಕೂತಾಗ ಕಣ್ಣಲ್ಲಿ ನೀರು ಬಂದುದಕ್ಕೆ ಇನ್ನಷ್ಟು ಸಿಟ್ಟು ಬಂತು. ಮೋಸ ಮಾಡಿದವನಿಗಾಗಿ ಅಳುವುದೆಂದರೆ... ಛೆ!

*

ಪ್ರೊಫೆಸರು ಅವಳನ್ನು ಮಂಗಳೂರಿನ ಕಾಲೇಜಿನ ಲ್ಯಾಬಿನಲ್ಲೇ ಕಂಡರು. ತಲೆ ಪೂರ್ತಿ ನರೆತಿತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವಳ ಚಿತ್ರಗಳನ್ನು ತಿರುವಿ ನೋಡಿದರು, ಜನವರಿಯ ಮೀನು ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ನಿನಗೆಂದು ಇಟ್ಟ ಮೇಜು ಒಂದು ವರ್ಷ ಖಾಲಿ ಇತ್ತು. ನೀನು ಬರಲಿಲ್ಲ. ಈಗ ಮತ್ತೆ ಕೊಟ್ಟರೆ, ಮತ್ತೆ ಮನೆಯಲ್ಲಿ ಏನೋ ಆಯಿತೆಂದು ಹೋಗುವುದಿಲ್ಲ ಎಂದು ಹೇಗೆ ನಂಬಲಿ? ಹುಡುಗಿಯರು ಹೋಗುತ್ತಾರೆ. ಅಲ್ಲದೆ ಐದು ವರ್ಷ... ಏನು ನೆನಪಿದೆ ನಿನಗೆ?"

ಅವಳು ವಿನಯದ ಉತ್ತರವೊಂದನ್ನು ಕಲಿತು ಬಂದಿದ್ದಳು. ಎಸ್ತೆರ್ ಎದುರು ಎಷ್ಟೋ ಸಲ ಹೇಳಿ ನೋಡಿದ್ದಳು. ಅದು ಆ ಗಳಿಗೆಯಲ್ಲಿ ಎಲ್ಲೋ ಹೋಯಿತು.

"ಸರ್, ಮೊನ್ನೆ ಮುಗಿದ ಮಹಾಯುದ್ಧಕ್ಕೆ ಹೋಗಿ ಐದು ವರ್ಷ ಬಿಟ್ಟು ಬಂದ ಹುಡುಗನಿಗೆ ಈ ಪ್ರಶ್ನೆ ಕೇಳ್ತೀರಾ? ಕೈ ಕುಲುಕಿ ಒಳಗೆ ಕರೀತೀರಿ. ನಾನು ಆಟವಾಡಲು ಹೋದದ್ದಲ್ಲ. ಮಗ್ಗುಲು ಹೊರಳಲಾಗದ ತಾಯಿಯನ್ನು ನೋಡಿಕೊಂಡೆ. ಅದಕ್ಕೆ ನಾನು ಕ್ಷಮೆ ಕೇಳಬೇಕು ಅಂತಾದರೆ, ಕೇಳುವುದಿಲ್ಲ. ಮೇಜು ಕೊಡದಿದ್ದರೂ ಅಡ್ಡಿಲ್ಲ."

ಲ್ಯಾಬಿನ ಜವಾನ ಬಾಗಿಲಲ್ಲೇ ನಿಂತುಬಿಟ್ಟ. ಪ್ರೊಫೆಸರು ಕನ್ನಡಕ ಮತ್ತೆ ಹಾಕಿಕೊಂಡರು. ಪಕ್ಕದ ಟ್ರೇಯಲ್ಲಿ ವಿದ್ಯಾರ್ಥಿಗಳ ಪರೀಕ್ಷೆಗೆ ತಂದಿದ್ದ ತಾಟೆ ಮೀನಿನ, ಅಂದರೆ ಶಾರ್ಕಿನ ಮರಿಯಿತ್ತು. ಅದನ್ನು ಅವಳ ಮುಂದೆ ತಳ್ಳಿ, ತಲೆಯ ನರಗಳನ್ನು ಬಿಡಿಸಿ ತೋರಿಸು ಎಂದರು.

ಮೊದಲ ಕತ್ತರಿ ಒಂದಿಷ್ಟು ಓರೆಯಾಯಿತು. ಎರಡನೆಯದು ನೇರ ಹೋಯಿತು. ಮೆದು ಎಲುಬಿನ ಚೂರು ಸರಿಸಿ, ಬಿಳಿ ದಾರದಂಥ ನರಗಳನ್ನು ಒಂದೊಂದಾಗಿ ಹೊರಗೆ ತಂದಳು. ಹೆಸರು ಹೇಳುತ್ತ ಹೋದಳು. ಒಂದು ಕಡೆ ನಿಂತಳು.

"ಇದರ ಹೆಸರು ಮರೆತಿದೆ ಸರ್. ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ತೋರಿಸ್ತೇನೆ."

"ಹೆಸರು ಪುಸ್ತಕದಲ್ಲಿ ಸಿಗುತ್ತದೆ," ಎಂದರು ಅವರು. ಆಮೇಲೆ ಕೈ ತೊಳೆದುಕೊಳ್ಳುತ್ತ, ಬೇರೆ ಯಾವುದೋ ವಿಷಯ ಹೇಳುವವರ ಹಾಗೆ, ಜುಲೈಯಲ್ಲಿ ಬಾ ಎಂದರು.

ಅವಳಿಗೆ ಕಾಲ ಕೆಳಗಿನ ನೆಲ ಹಗುರಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ನಿನ್ನೆ ಯಾರ್ಡಿನ ಇನ್‌ಸ್ಪೆಕ್ಟರೊಬ್ಬ ತಮ್ಮನ್ನು ಹುಡುಕಿಕೊಂಡು ಬಂದಿದ್ದನಂತೆ. ಎರಡು ಮಳೆಗಾಲದ ಮೀನು ತನ್ನ ಅಪ್ಪಣೆಯಿಂದ ಹೊಳೆಗೆ ಹೋಯಿತು ಎಂದನಂತೆ. ಕಳೆದುಹೋದ ಭರಣಿಯ ಮಾತು ಕೇಳಿ ಯಾರಿಗೂ ಸೀಟು ಕೊಡುವುದಿಲ್ಲ ಎಂದು ಪ್ರೊಫೆಸರು ಗದರಿದಾಗ, ಸೀಟು ಕೇಳಲು ಬರಲಿಲ್ಲ, ಸುಂದರಿ ಟೀಚರ್ ಮೀನು ಇತ್ತು ಎಂದಾಗ ನೀವು ಸುಳ್ಳೆಂದು ತಿಳಿಯಬಾರದು, ಅಷ್ಟು ಹೇಳಲು ಬಂದೆ ಎಂದು ಹೇಳಿ ಹೋದನಂತೆ.

ಸುಂದರಿ ಸೆರಗಿನ ತುದಿ ಹಿಡಿದು ನಿಂತಳು.

ಎಲ್ಲರ ಎದುರು ಅವಮಾನ ಮಾಡಿ ಬಂದ ಮೇಲೂ... ಇವನು ಹೋಗಿ ಹೇಳಿದನಾ?

*

ಮನೆಗೆ ಬಂದು ವಿಷಯ ಹೇಳಿದಾಗ ಗಿರಿಯಪ್ಪ ಕಟ್ಟುತ್ತಿದ್ದ ಬಲೆಯನ್ನು ಎತ್ತಿ ಮೂಲೆಗೆ ಎಸೆದ.

"ಇಬ್ಬರೂ ಹುಚ್ಚರು. ನೀನೂ ಹುಚ್ಚಿ, ಅವನೂ ಹುಚ್ಚ."

"ಅವರು ಯಾಕೆ ಹುಚ್ಚರು? ಅವರೇ ಒಪ್ಪಿದ್ದಲ್ವಾ?"

"ಒಪ್ಪಿದ್ದು ಅವನ ಅಮ್ಮ, ಅವನ ಮಾವ. ಅವನು ಎಂತ ಹೇಳಿದ್ದು ಗೊತ್ತುಂಟಾ? ಸುಂದರಿ ಟೀಚರ್ ಮದರಾಸಿಗೆ ಹೋಗುವವರು, ಅವರನ್ನು ಕೇಳದೆ ನನ್ನ ಹತ್ತಿರ ಬರಬೇಡಿ ಅಂತ. ಅವರಾಗಿ ಹೇಳಿದರೆ ಮಾತ್ರ, ಇಲ್ಲದಿದ್ದರೆ ಈ ಮಾತು ಇಲ್ಲಿಗೇ ಬಿಡಿ ಅಂತ. ನನ್ನ ಪ್ರಾಯಕ್ಕೆ ಕೂಡ ಮರ್ಯಾದೆ ಕೊಡಲಿಲ್ಲ."

"ನೀವು ಎಲ್ಲ ಒಪ್ಪಿದ್ದಾರೆ ಅಂದಿರಿ ಮಾವ."

"ಮನೆಯವರೆಲ್ಲ ಒಪ್ಪಿದ ಮೇಲೆ ಹುಡುಗ ಎಲ್ಲಿಗೆ ಹೋಗ್ತಾನೆ?"

ಐದು ವರ್ಷ ಕಟ್ಟಿಟ್ಟಿದ್ದು ಆಗ ಒಡೆಯಿತು. ಒಂದು ವರ್ಷ ಎಂದು ಹೇಳಿದ್ದು ನೀವು, ನಾನು ಒಂದು ಮಾತು ಕೇಳಿದೆನಾ ಎಂದಳು. ಅಮ್ಮನ ಹಾಸಿಗೆ ಪಕ್ಕ ನೀವು ಒಂದು ಹಗಲು ಕೂತದ್ದು ಉಂಟಾ ಎಂದಳು. ಮನೆತನ ನನ್ನಿಂದ ಸಾಗಬೇಕು ಎನ್ನುತ್ತೀರಿ, ಆದರೆ ನಾನು ಎಂಬವಳು ಈ ಮನೆಯಲ್ಲಿ ಎಲ್ಲಿದ್ದೇನೆ ಎಂದಳು. ಬೈಯುತ್ತ ಬೈಯುತ್ತ ಅವಳಿಗೆ ತಾನು ಇಷ್ಟು ಜೋರಾಗಿ ಮಾತಾಡಬಲ್ಲೆ ಎಂದು ಆಶ್ಚರ್ಯವಾಯಿತು.

ಗಿರಿಯಪ್ಪ ಎಸೆದ ಬಲೆಯನ್ನು ಎತ್ತಿಕೊಂಡು ದಡಕ್ಕೆ ಹೋದ. ಎರಡು ದಿನ ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತವನು ಗಂಜಿಗೆ ಉಪ್ಪು ಹಾಕಿಕೊಳ್ಳುತ್ತ, ಆ ಮದರಾಸಿನ ಹಾಸ್ಟೆಲಿನಲ್ಲಿ ಮೀನು ಕೊಡುತ್ತಾರಾ ಎಂದು ಕೇಳಿದ.

"ವಾರಕ್ಕೆ ಒಂದು ಸಲ."

"ಅದೆಂತ ಓದುವುದು ಮೀನಿನ ವಿಷಯ, ಮೀನು ತಿನ್ನದೆ," ಎಂದು ಗೊಣಗಿ ಗಂಜಿ ಕುಡಿದ.

ಅವಳು ತಟ್ಟೆ ತೆಗೆಯುವಾಗ ಅವನು ಇನ್ನೊಂದು ಮಾತು ಸೇರಿಸಿದ. ಆ ಹುಡುಗ ಇವತ್ತು ಪಣಂಬೂರಿನಲ್ಲಿ ಇದ್ದಾನಂತೆ, ಹೊಸ ಶೆಡ್ಡಿಗೆ ಜಾಗ ನೋಡಲು.

*

ಪಣಂಬೂರಿಗೆ ಮರಳ ಮೇಲೆ ದೂರದ ನಡಿಗೆ. ಬೆಂಗ್ರೆಯಿಂದ ಹೊರಟು ತಣ್ಣೀರುಬಾವಿ ದಾಟುವಷ್ಟರಲ್ಲಿ ಬಿಸಿಲಿಗೆ ಅವಳ ಮುಖ ಕೆಂಪೇರಿತ್ತು. ದಾರಿಯುದ್ದಕ್ಕೂ ಕ್ಷಮೆಯ ಮಾತು ಕಟ್ಟುತ್ತ ಬಂದಳು. ಒಂದೂ ಸರಿಬರಲಿಲ್ಲ.

ದಡದಲ್ಲಿ ದೊಡ್ಡ ರಂಪಣಿ ಬಲೆ ಎಳೆಯುತ್ತಿದ್ದರು. ಎರಡು ಕಡೆ ಹಗ್ಗಕ್ಕೆ ಜನ ಜೋತುಬಿದ್ದು ಹಿಂದೆ ಹಿಂದೆ ಹೋಗುತ್ತಿದ್ದರು. ಅವರಿಂದ ಸ್ವಲ್ಪ ದೂರ ಮರಳಿನಲ್ಲಿ ಕಡ್ಡಿ ಊರಿ ಗುರುತು ಹಾಕುತ್ತಿದ್ದ ದೇವದಾಸ್ ಅವಳನ್ನು ಕಂಡು ಕಡ್ಡಿ ಹಿಡಿದೇ ನಿಂತ.

"ನನಗೆ ಯಾಕೆ ಹೇಳಲಿಲ್ಲ?" ಎಂದಳು ಅವಳು. ಬಂದದ್ದು ಅದೇ ಮಾತು, ಅದೇ ಸಿಟ್ಟಿನ ದನಿ.

"ಹೇಳಲು ಬಿಟ್ಟಿರಾ?"

"ಬಿಡದಿದ್ದರೆ ಕೂಗಿ ಹೇಳಬೇಕಿತ್ತು. ಹಿಂದೆ ಬಂದು ಹೇಳಬೇಕಿತ್ತು. ಪ್ರೊಫೆಸರ ಹತ್ತಿರ ಹೋಗಿ ಹೇಳಲು ಬಾಯಿ ಬರ್ತದೆ, ನನ್ನ ಹತ್ತಿರ ಬರುವುದಿಲ್ಲವಾ?"

"ನಿಮ್ಮ ಹತ್ತಿರ ಹೆದರಿಕೆ."

ಅವಳು ನಗಬಾರದೆಂದು ತುಟಿ ಕಚ್ಚಿದಳು. ಆಮೇಲೆ ತಲೆ ತಗ್ಗಿಸಿದಳು. "ಎಲ್ಲರ ಎದುರು ಹಾಗೆ ಹೇಳಬಾರದಿತ್ತು. ತಪ್ಪಾಯಿತು."

"ನನಗೂ ಆ ದಿನ ಸಿಟ್ಟು ಬಂದದ್ದು ಸುಳ್ಳಲ್ಲ. ಇನ್ನು ಮುಖ ನೋಡಬಾರದು ಅಂತ ಎಣಿಸಿದೆ. ಮರುದಿನ ಬೆಳಿಗ್ಗೆ ನಿಮ್ಮ ಕೋಣೆಯ ಬಾಗಿಲು ತೆಗೆದು ಸುಮ್ಮನೆ ನಿಂತಿದ್ದೆ." ಅವನು ಕಡ್ಡಿಯನ್ನು ಮರಳಿಗೆ ಊರಿದ. "ಪ್ರೊಫೆಸರು ಎಂತ ಹೇಳಿದರು?"

"ಜುಲೈಯಲ್ಲಿ ಬಾ ಅಂದರು."

ಅವನ ಮುಖ ಅರಳಿತು. ಅದು ಅವಳ ಎಣಿಕೆಗೆ ಮೀರಿದ ಸಂತೋಷವಾಗಿತ್ತು. ತನ್ನದೇ ಗೆಲುವೇನೋ ಎಂಬಂತೆ. ಆ ಮುಖ ನೋಡಿದ ಮೇಲೆ ಸುಂದರಿಗೆ ಕೇಳಲು ಬೇರೇನೂ ಉಳಿಯಲಿಲ್ಲ.

"ಎರಡು ವರ್ಷ ಹಿಡೀತದೆ," ಎಂದಳು. "ಹೆಚ್ಚೂ ಹಿಡಿಯಬಹುದು."

"ಹಿಡಿಯಲಿ."

"ಕಾಯಿರಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು."

"ಕಾಯುವುದಿಲ್ಲ. ನನಗೂ ಕೆಲಸ ಉಂಟು, ಈ ಶೆಡ್ಡು ಕಟ್ಟಬೇಕು. ನೀವು ರಜೆಗೆ ಬಂದಾಗ ಇಲ್ಲೇ ಇರ್ತೇನೆ. ಜಗಳವಾಡುವ, ಮತ್ತೆ ನೀವು ಹೋಗಿ. ಓದು ಮುಗಿದ ಮೇಲೂ ಜಗಳ ಮುಗಿಯದಿದ್ದರೆ..."

ಅವನು ಮಾತು ನಿಲ್ಲಿಸಿದ. ಅವಳಾಗಿ ಹೇಳಬೇಕೆಂದು ಅವನೇ ಹಾಕಿದ ಷರತ್ತು ಅದು. ಬಲೆ ಎಳೆಯುವವರ ಕೂಗು ಹತ್ತಿರವಾಗುತ್ತಿತ್ತು.

"ಮುಗಿಯುವ ಹಾಗೆ ಕಾಣುವುದಿಲ್ಲ," ಎಂದಳು ಸುಂದರಿ ನಿಧಾನವಾಗಿ. "ಹಾಗಾಗಿ ಓದು ಮುಗಿಸಿ ಬಂದು ನಿಮ್ಮನ್ನೇ ಮದುವೆ ಆಗ್ತೇನೆ. ಹೇಳಿದೆ. ಈಗ ನಿಮ್ಮದು ಹೇಳಿ."

ಅವನು ಕೈಯ ಮರಳನ್ನು ಅಂಗಿಗೆ ಒರೆಸಿಕೊಂಡ. ಕೈ ಚಾಚಿದ. ಫಾರ್ಮಲಿನ್‌ನಿಂದ ತುದಿ ಒರಟಾಗಿದ್ದ ಅವಳ ಬೆರಳುಗಳನ್ನು, ಒಡೆಯುವ ವಸ್ತುವನ್ನು ಹಿಡಿದ ಹಾಗೆ ಹಿಡಿದುಕೊಂಡ.

"ಹೂಂ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನನ್ನ ಮೇಲೆ ಸಿಟ್ಟು ಇನ್ನೂ ಉಂಟಾ?"

"ಸ್ವಲ್ಪ ಉಂಟು."

"ಇರಲಿ. ಪೂರ್ತಿ ಹೋದರೆ ನನಗೆ ನಿಮ್ಮ ಗುರುತು ಸಿಗಲಿಕ್ಕಿಲ್ಲ."